ನೂರಿಪ್ಪತ್ತು ಮೀಟರ್ ಹಾರಿ ಕಾಲು ಮುರಿಯದೆ ಇಳಿಯುವುದು ಹೇಗೆ?
ಸ್ಕೀ ಜಿಗಿತದ ಗುಡ್ಡವನ್ನು ವಿಜ್ಞಾನದ ಪಾಠವಾಗಿ ಓದೋಣ

ಚಳಿಗಾಲದ ಒಲಿಂಪಿಕ್ಸ್ ಬಂದಾಗ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಸ್ಕೀ ಜಿಗಿತ ನೋಡಿದ ಮಕ್ಕಳು ಮರುದಿನ ತರಗತಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಅಷ್ಟು ಎತ್ತರದಿಂದ ಬಿದ್ದರೂ ಅವರ ಕಾಲು ಯಾಕೆ ಮುರಿಯುವುದಿಲ್ಲ?" ಹಿಮವನ್ನೇ ಕಾಣದ ನಮ್ಮ ಊರುಗಳ ಮಕ್ಕಳಿಗೆ ಇದು ಮಾಯೆಯ ಹಾಗೆ ಕಾಣುತ್ತದೆ. "ಹಿಮ ಮೆತ್ತಗಿರುತ್ತಲ್ಲ, ಅದಕ್ಕೆ" ಅಂತ ಅವರೇ ಉತ್ತರ ಹೇಳಿಬಿಡುತ್ತಾರೆ. ನಾವೂ ಹೌದು ಅಂತ ತಲೆಯಾಡಿಸಿ ಮುಂದೆ ಹೋಗಬಹುದು. ಆದರೆ ಆ ಉತ್ತರ ಸರಿಯಲ್ಲ. ಸ್ಪರ್ಧೆಗೆ ಅಣಿಗೊಳಿಸಿದ ಗುಡ್ಡದ ಹಿಮ ಹತ್ತಿಯಂತೆ ಮೆತ್ತಗಿರುವುದಿಲ್ಲ, ಯಂತ್ರದಿಂದ ತುಳಿಸಿ ಗಟ್ಟಿ ಮಾಡಿರುತ್ತಾರೆ. ಬೇಸಿಗೆಯಲ್ಲಂತೂ ಹಿಮವೇ ಇಲ್ಲದೆ ಪ್ಲಾಸ್ಟಿಕ್ ಹಾಸಿನ ಮೇಲೆ ಜಿಗಿಯುತ್ತಾರೆ.

ಜಿಗಿಯುವವರನ್ನು ಕಾಪಾಡುವುದು ಗುಡ್ಡದ ಆಕಾರ ಮತ್ತು ಗಾಳಿ. ಇವೆರಡನ್ನೂ ಒಂಬತ್ತು, ಹತ್ತನೇ ತರಗತಿಯ ಭೌತಶಾಸ್ತ್ರದಿಂದಲೇ ವಿವರಿಸಬಹುದು. ಚಲನೆ, ಶಕ್ತಿ, ಘರ್ಷಣೆ, ಬಲದ ಘಟಕಗಳು ಎಲ್ಲವೂ ಒಂದೇ ಗುಡ್ಡದ ಮೇಲೆ ಸಿಗುತ್ತವೆ. ಆ ಗುಡ್ಡವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಇಳಿದು ನೋಡೋಣ.

ಯಾವ ಗುಡ್ಡ?

ಉದಾಹರಣೆಗೆ ನಾರ್ವೆಯ ರಾಜಧಾನಿ ಓಸ್ಲೋದ ಹೋಲ್ಮೆನ್‌ಕೋಲೆನ್ ಗುಡ್ಡವನ್ನು ತೆಗೆದುಕೊಳ್ಳೋಣ. ಇಲ್ಲಿ ಮೊದಲ ಸ್ಪರ್ಧೆ ನಡೆದದ್ದು 1892ರಲ್ಲಿ. ಅಂದಿನ ಅತಿ ಉದ್ದದ ಜಿಗಿತ 21.5 ಮೀಟರ್. 1952ರ ಚಳಿಗಾಲದ ಒಲಿಂಪಿಕ್ಸ್‌ನ ಜಿಗಿತವೂ ಇಲ್ಲೇ ನಡೆಯಿತು, ನೋಡಲು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಗುಡ್ಡವನ್ನು ಹಲವು ಬಾರಿ ಬದಲಿಸಿ, ಎತ್ತರಿಸಿ ಕಟ್ಟಿದ್ದಾರೆ. ಕೊನೆಗೆ ಹಳೆಯದು ಈಗಿನ ನಿಯಮಗಳಿಗೆ ಹೊಂದುವುದಿಲ್ಲ ಎಂದಾದಾಗ 2008ರಲ್ಲಿ ಅದನ್ನು ಕೆಡವಿ, 2011ರ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಉಕ್ಕಿನ ಹೊಸ ರಚನೆಯನ್ನು ನಿಲ್ಲಿಸಿದರು. ಅದು ಬಳಕೆಗೆ ಬಂದದ್ದು 2010ರ ಮಾರ್ಚ್‌ನಲ್ಲಿ. ದೂರದಿಂದ ನೋಡಿದರೆ ಬೆಟ್ಟದ ತುದಿಯಲ್ಲಿ ಆಕಾಶಕ್ಕೆ ಚಾಚಿದ ದೊಡ್ಡ ಚಮಚದಂತೆ ಕಾಣುತ್ತದೆ. ಅದರ ಬುಡದಲ್ಲಿ ಸ್ಕೀ ವಸ್ತುಸಂಗ್ರಹಾಲಯ ಇದೆ. 1923ರಲ್ಲಿ ಶುರುವಾದ ಇದು ಆ ಬಗೆಯದರಲ್ಲಿ ಜಗತ್ತಿನ ಅತ್ಯಂತ ಹಳೆಯದು.

ಗುಡ್ಡದ ಹೆಸರಿನ ಜೊತೆ ಎರಡು ಸಂಖ್ಯೆಗಳು ಬರುತ್ತವೆ: ಕೆ-120 ಮತ್ತು ಎಚ್.ಎಸ್. 134. ಇವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಕೀ ಜಿಗಿತದ ಗುಡ್ಡಕ್ಕೆ ನಾಲ್ಕು ಭಾಗ. ಮೇಲೆ ಜಾರುದಾರಿ. ಅದರ ಕೊನೆಯಲ್ಲಿ ಜಿಗಿತದ ಅಂಚು. ಅದರ ಕೆಳಗೆ ನೆಲ ಮುಟ್ಟುವ ಇಳಿಜಾರು. ಕೊನೆಗೆ ಓಟ ನಿಲ್ಲಿಸುವ ಬಯಲು.

ಜಾರುದಾರಿ: ಎತ್ತರವನ್ನು ವೇಗವಾಗಿ ಮಾರ್ಪಡಿಸುವ ಜಾಗ

ಕ್ರೀಡಾಪಟು ಲಿಫ್ಟಿನಲ್ಲೋ ಮೆಟ್ಟಿಲಿನಲ್ಲೋ ಮೇಲೆ ಹೋಗಿ, ಜಾರುದಾರಿಗೆ ಅಡ್ಡಲಾಗಿ ಹಾಕಿದ ಒಂದು ಪಟ್ಟಿಯ ಮೇಲೆ ಕೂರುತ್ತಾರೆ. ಇದಕ್ಕೆ ಗೇಟ್ ಅನ್ನುತ್ತಾರೆ. ಈ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವುದಕ್ಕೆ ಅಂಕಿ ಬರೆದ ಮೆಟ್ಟಿಲುಗಳಂಥ ಸ್ಥಾನಗಳಿವೆ. ಕೆಳಗೆ ತರಬೇತುದಾರರು ನಿಲ್ಲುವ ಕಟ್ಟೆ, ಪಕ್ಕದಲ್ಲಿ ನಮ್ಮ ರಸ್ತೆಯ ಸಿಗ್ನಲ್ಲಿನಂಥ ದೀಪ. ಹಸಿರು ಬಂದ ಮೇಲೆಯೇ ಹೊರಡಬೇಕು, ಅದೂ ಕೆಲವೇ ಸೆಕೆಂಡುಗಳ ಒಳಗೆ.

ಜಾರುದಾರಿಯ ಇಳಿಜಾರು ಸುಮಾರು 35 ಡಿಗ್ರಿ. ಅದರಲ್ಲಿ ಸ್ಕೀ ಕೂರುವಷ್ಟೇ ಅಗಲದ ಎರಡು ಗಾಡಿಗಳು, ರೈಲು ಹಳಿಯ ಹಾಗೆ. ಹೊಸ ಗುಡ್ಡಗಳಲ್ಲಿ ಈ ಗಾಡಿಗೆ ಸೆರಾಮಿಕ್ ಹಾಸು, ಅದರ ಕೆಳಗೆ ತಂಪು ಮಾಡುವ ಕೊಳವೆಗಳು. ಚಳಿಗಾಲದಲ್ಲಿ ಅದರ ಮೇಲೆ ಮಂಜುಗಡ್ಡೆಯ ತೆಳು ಪದರ ಕಟ್ಟಿಸುತ್ತಾರೆ. ಬೇಸಿಗೆಯಲ್ಲಿ ಸೆರಾಮಿಕ್ಕನ್ನೇ ನೀರು ಹಾಯಿಸಿ ಒದ್ದೆ ಇಡುತ್ತಾರೆ. ಎರಡೂ ಘರ್ಷಣೆ ಕಡಿಮೆ ಮಾಡುವ ಉಪಾಯಗಳೇ. ಅಡಿಕೆ ಹಾಳೆಯ ಮೇಲೆ ಕೂತು ಒಣಗಿದ ಹುಲ್ಲಿನ ದರೆಯಲ್ಲಿ ಜಾರಿದ ಮಕ್ಕಳಿಗೆ ಇದು ಬೇಗ ತಲೆಗೆ ಹೋಗುತ್ತದೆ: ಹಾಳೆಯ ನಯವಾದ ಮೈ ಕೆಳಗಿದ್ದರೆ ಒಂದು ವೇಗ, ಒರಟು ಮೈ ಕೆಳಗಿದ್ದರೆ ಇನ್ನೊಂದು.

ಈಗ ಲೆಕ್ಕಕ್ಕೆ ಬರೋಣ. ಗೇಟಿನಿಂದ ಜಿಗಿತದ ಅಂಚಿನವರೆಗೆ ಲಂಬ ಎತ್ತರ 40 ಮೀಟರ್ ಅಂತ ಇಟ್ಟುಕೊಳ್ಳಿ. ಪ್ರಚ್ಛನ್ನ ಶಕ್ತಿಯೆಲ್ಲ ಚಲನ ಶಕ್ತಿಯಾದರೆ, ವೇಗದ ವರ್ಗ = 2 × 10 × 40 = 800. ಅಂದರೆ ವೇಗ ಸೆಕೆಂಡಿಗೆ ಸುಮಾರು 28 ಮೀಟರ್, ಗಂಟೆಗೆ 100 ಕಿ.ಮೀ.ಗೆ ಸ್ವಲ್ಪ ಹೆಚ್ಚು. ದೊಡ್ಡ ಗುಡ್ಡಗಳಲ್ಲಿ ಅಂಚಿನ ಹತ್ತಿರ ನಿಜವಾಗಿ ಅಳೆಯುವ ವೇಗ ಗಂಟೆಗೆ 90 ಕಿ.ಮೀ. ಆಸುಪಾಸು, ಅಂದರೆ ಸೆಕೆಂಡಿಗೆ 25 ಮೀಟರ್. ಅದರ ವರ್ಗ 625. ನಮ್ಮ ಉದಾಹರಣೆಯಲ್ಲಿ 800ಕ್ಕೆ ಬದಲು 625 ಸಿಕ್ಕಿತು. ಉಳಿದ ಐದನೇ ಒಂದು ಭಾಗದಷ್ಟು ಶಕ್ತಿ ಘರ್ಷಣೆಗೂ ಗಾಳಿಯ ತಡೆಗೂ ಹೋಯಿತು. "ಶಕ್ತಿ ನಾಶವಾಗುವುದಿಲ್ಲ" ಎಂದು ಕಲಿಸುವಾಗ "ಹಾಗಾದರೆ ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಯಾಕೆ?" ಅಂತ ಕೇಳುವ ಹುಡುಗನಿಗೆ ಇದೇ ಉತ್ತರ.

ಜಾರುವಾಗ ಅವರು ಮಂಡಿ ಮಡಚಿ, ಬೆನ್ನು ಬಾಗಿಸಿ, ಕೈ ಹಿಂದಕ್ಕೆ ಚಾಚಿ ಕೂರುತ್ತಾರಲ್ಲ, ಅದು ಗಾಳಿಯ ತಡೆ ಕಡಿಮೆ ಮಾಡಲು. ಇಲ್ಲಿ ಗಾಳಿ ಶತ್ರು. ಇನ್ನೆರಡು ಸೆಕೆಂಡಿನಲ್ಲಿ ಅದೇ ಗಾಳಿ ಮಿತ್ರನಾಗಬೇಕು.

ಅಂಚು: ಮೇಲಕ್ಕಲ್ಲ, ಕೆಳಕ್ಕೆ

ಮಕ್ಕಳ ಕೈಯಲ್ಲಿ ಈ ಗುಡ್ಡದ ಚಿತ್ರ ಬರೆಸಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಜಾರುದಾರಿಯ ಕೊನೆಯನ್ನು ಮೇಲಕ್ಕೆ ಬಾಗಿಸಿ ಬರೆಯುತ್ತಾರೆ. ಬೈಕ್ ಸ್ಟಂಟಿನ ಹಲಗೆ ಹಾಗಿರುತ್ತದಲ್ಲ, ಅದು ಮನಸ್ಸಿನಲ್ಲಿ ಕೂತಿರುತ್ತದೆ. ನಿಜಕ್ಕೂ ಜಿಗಿತದ ಅಂಚು ಮೇಲಕ್ಕೆ ನೋಡುವುದಿಲ್ಲ, ಸಮತಟ್ಟೂ ಅಲ್ಲ. ಅಡ್ಡರೇಖೆಗಿಂತ ಸುಮಾರು 11 ಡಿಗ್ರಿ ಕೆಳಕ್ಕೇ ವಾಲಿರುತ್ತದೆ.

35 ಡಿಗ್ರಿ ಇಳಿಜಾರಿನಿಂದ 11 ಡಿಗ್ರಿಗೆ ಬರಲು ದಾರಿ ವೃತ್ತದ ಕಂಸದಂತೆ ಬಾಗುತ್ತದೆ. ಆ ಬಾಗಿನ ತ್ರಿಜ್ಯ 100 ಮೀಟರ್ ಅಂತ ಇಟ್ಟುಕೊಂಡರೆ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ 625 ÷ 100, ಸುಮಾರು 6. ಇದು ಕೇಂದ್ರಾಭಿಮುಖ ವೇಗೋತ್ಕರ್ಷ. ಗುರುತ್ವದ 10ಕ್ಕೆ ಇದೂ ಸೇರಿ, ಬಾಗಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಒಂದೂವರೆ ಪಟ್ಟು ಆಗುತ್ತದೆ. ಬಸ್ಸು ತಗ್ಗಿಗೆ ಇಳಿದು ಏರುವಾಗ ಸೀಟಿಗೆ ಒತ್ತಿದಂತಾಗುವುದಿಲ್ಲವೇ, ಅದೇ. ಬಾಗು ಮುಗಿದ ಮೇಲೆ ಆರೇಳು ಮೀಟರ್ ನೇರ ಜಾಗ ಇರುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಅದನ್ನು ದಾಟಲು ಸುಮಾರು 0.3 ಸೆಕೆಂಡು ಸಾಕು. ಅಷ್ಟರಲ್ಲಿ ಮಡಚಿದ ಮಂಡಿಯನ್ನು ಪೂರ್ತಿ ಬಿಚ್ಚಿ ಚಿಮ್ಮಬೇಕು. ಬೇಗ ಚಿಮ್ಮಿದರೆ ಕಾಲಿನ ಕೆಲಸ ಅಂಚಿಗೆ ಮುಂಚೆಯೇ ಮುಗಿದುಹೋಗುತ್ತದೆ. ತಡವಾದರೆ ಒತ್ತಲು ನೆಲವೇ ಇಲ್ಲ.

ಆ ಚಿಮ್ಮುವಿಕೆಯಿಂದ ಸಿಗುವ ವೇಗ ಸೆಕೆಂಡಿಗೆ ಎರಡೂವರೆ ಮೀಟರ್ ಅಂತ ಹಿಡಿಯಿರಿ, ನಾವು ನಿಂತಲ್ಲೇ ಜಿಗಿದಾಗ ಸಿಗುವಷ್ಟೇ. ಮುಂದಿನ ವೇಗ 25, ಅದಕ್ಕೆ ಲಂಬವಾಗಿ 2.5. ಹತ್ತಕ್ಕೆ ಒಂದು. ಹಾಗಾಗಿ ಹೊರಡುವ ದಿಕ್ಕು ಐದಾರು ಡಿಗ್ರಿ ಮೇಲಕ್ಕೆ ತಿರುಗುತ್ತದೆ. 11 ಡಿಗ್ರಿ ಕೆಳಕ್ಕೆ ಇದ್ದದ್ದು ಈಗ ಐದಾರು ಡಿಗ್ರಿ ಕೆಳಕ್ಕೆ. ನೋಡಿ, ಇಷ್ಟೆಲ್ಲ ಚಿಮ್ಮಿದರೂ ಅವರು ಹೊರಡುವುದು ಕೆಳಮುಖವಾಗಿಯೇ.

ಹಾಗಾದರೆ "ಅಷ್ಟು ಎತ್ತರ" ಎಲ್ಲಿಂದ ಬಂತು? ಅದು ಕಣ್ಣಿಗೆ ಆಗುವ ಮೋಸ. ಹಾರುವವರು ಬಯಲಿನಿಂದ ಎತ್ತರದಲ್ಲಿರುತ್ತಾರೆ, ನಿಜ. ಆದರೆ ತಮ್ಮ ಕಾಲಿನ ಕೆಳಗಿನ ನೆಲದಿಂದ ಅವರು ಕೆಲವೇ ಮೀಟರ್ ಮೇಲಿರುತ್ತಾರೆ. ಅವರು ಇಳಿದ ಹಾಗೆ ಗುಡ್ಡವೂ ಜೊತೆಯಲ್ಲೇ ಇಳಿಯುತ್ತ ಹೋಗುತ್ತದೆ.

ಗಾಳಿ ಇಲ್ಲದಿದ್ದರೆ?

ಇಲ್ಲೊಂದು ಮೋಜಿನ ಲೆಕ್ಕ ಮಾಡಿಸಬಹುದು. ಗಾಳಿಯೇ ಇಲ್ಲ, ಕ್ರೀಡಾಪಟು ಎಸೆದ ಕಲ್ಲಿನ ಹಾಗೆ ಹೋಗುತ್ತಾರೆ ಎಂದುಕೊಳ್ಳಿ. ಸುಲಭವಾಗಲೆಂದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಅಡ್ಡಲಾಗಿ ಹೊರಡಲಿ. ಕೆಳಗೆ ಅಂಚಿನಿಂದಲೇ ಶುರುವಾಗುವ 35 ಡಿಗ್ರಿಯ ಇಳಿಜಾರು.

ಅಡ್ಡ ದೂರ = 25 × ಕಾಲ. ಬೀಳುವ ದೂರ = 5 × ಕಾಲದ ವರ್ಗ. 35 ಡಿಗ್ರಿ ಇಳಿಜಾರೆಂದರೆ ಅಡ್ಡ 10 ಮೀಟರ್ ಹೋದಾಗ 7 ಮೀಟರ್ ಕೆಳಗೆ. ಎರಡನ್ನೂ ಹೊಂದಿಸಿದರೆ ಕಾಲ 3.5 ಸೆಕೆಂಡು. ಇಳಿಜಾರಿನ ಉದ್ದಕ್ಕೆ ಅಳೆದರೆ ದೂರ ಸುಮಾರು 107 ಮೀಟರ್. ಅರೆ, ಗಾಳಿಯಿಲ್ಲದೆಯೂ ನೂರು ಮೀಟರ್ ದಾಟಿತು!

ಆದರೆ ನೆಲ ಮುಟ್ಟುವ ಗಳಿಗೆ ನೋಡಿ. ಕೆಳಮುಖ ವೇಗ 35, ಅಡ್ಡ ವೇಗ 25, ಎರಡೂ ಸೇರಿ ಸೆಕೆಂಡಿಗೆ 43 ಮೀಟರ್. ಗಂಟೆಗೆ 155 ಕಿ.ಮೀ. ದಿಕ್ಕು ಅಡ್ಡರೇಖೆಗಿಂತ 54 ಡಿಗ್ರಿಯಷ್ಟು ಕೆಳಕ್ಕೆ. ಇಳಿಜಾರು 35 ಡಿಗ್ರಿ. ನಡುವಿನ ವ್ಯತ್ಯಾಸ 19 ಡಿಗ್ರಿಗೂ ಹೆಚ್ಚು. ಈ ವೇಗದಲ್ಲಿ ನೆಲಕ್ಕೆ ಲಂಬವಾದ ಘಟಕ ಸೆಕೆಂಡಿಗೆ ಸುಮಾರು 14 ಮೀಟರ್. ಅದು 10 ಮೀಟರ್ ಎತ್ತರದಿಂದ ಸಪಾಟು ನೆಲಕ್ಕೆ ಬಿದ್ದದ್ದಕ್ಕೆ ಸಮ. ಮೂರು ಮಹಡಿ. ಕಾಲು ಉಳಿಯುವುದಿಲ್ಲ.

ಈಗ ಗಾಳಿಯನ್ನು ವಾಪಸು ತನ್ನಿ. ಅಂಚು ಬಿಟ್ಟ ತಕ್ಷಣ ಅವರು ದೇಹವನ್ನು ಮುಂದಕ್ಕೆ ಚಾಚಿ, ಸ್ಕೀಗಳ ಹಿಂತುದಿ ಹತ್ತಿರ, ಮುಂತುದಿ ದೂರ ಇಟ್ಟು ಇಂಗ್ಲಿಷಿನ 'ವಿ' ಅಕ್ಷರದ ಆಕಾರ ಮಾಡುತ್ತಾರೆ. ದೇಹ ಮತ್ತು ಸ್ಕೀ ಸೇರಿ ಒಂದು ರೆಕ್ಕೆ. ಗಾಳಿ ಕೆಳಗಿನಿಂದ ಒತ್ತಿ ಎತ್ತುತ್ತದೆ, ಜೊತೆಗೆ ಹಿಂದಕ್ಕೂ ತಳ್ಳುತ್ತದೆ. ಫಲವಾಗಿ ಬೀಳುವ ವೇಗ ಏರುತ್ತಲೇ ಹೋಗುವುದಿಲ್ಲ. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 100 ಕಿ.ಮೀ., ಸೆಕೆಂಡಿಗೆ 28 ಮೀಟರ್. ಅದಕ್ಕಿಂತ ಮುಖ್ಯವಾದದ್ದು ದಿಕ್ಕು. ಪಥ ಇಳಿಜಾರಿಗೆ ಹೆಚ್ಚುಕಡಿಮೆ ಸಮಾಂತರ. ಎರಡರ ನಡುವೆ 6 ಡಿಗ್ರಿ ಕೋನ ಅಂತ ತೆಗೆದುಕೊಂಡರೆ ಲಂಬ ಘಟಕ 28 × 0.105, ಅಂದರೆ ಸೆಕೆಂಡಿಗೆ 3 ಮೀಟರ್. ಇದಕ್ಕೆ ಸಮನಾದ ಎತ್ತರ = 9 ÷ 20 = 0.45 ಮೀಟರ್.

ನಲವತ್ತೈದು ಸೆಂಟಿಮೀಟರ್! ನಿಮ್ಮ ತರಗತಿಯ ಕುರ್ಚಿಯ ಎತ್ತರ. ನೂರಿಪ್ಪತ್ತು ಮೀಟರ್ ಹಾರಿದವರ ಕಾಲಿಗೆ ತಾಗುವ ಪೆಟ್ಟು ಕುರ್ಚಿ ಮೇಲಿಂದ ಜಿಗಿದಷ್ಟು. ಮಕ್ಕಳ ಪ್ರಶ್ನೆಗೆ ಇದೇ ಉತ್ತರ. ಗುಡ್ಡ ಕಟ್ಟುವ ಎಂಜಿನಿಯರುಗಳು ಈ ಎತ್ತರವನ್ನೇ ಲೆಕ್ಕ ಹಾಕಿ ಇಳಿಜಾರಿನ ಬಾಗನ್ನು ನಿಶ್ಚಯಿಸುತ್ತಾರೆ.

ಕೆ ಮತ್ತು ಎಚ್.ಎಸ್.: ಎಲ್ಲಿಯವರೆಗೆ ಕ್ಷೇಮ?

ಇಳಿಜಾರು ಕೊನೆಯವರೆಗೂ 35 ಡಿಗ್ರಿ ಇರಲಾರದು. ಎಲ್ಲೋ ಒಂದು ಕಡೆ ಬಯಲಾಗಲೇಬೇಕು. ಅತಿ ಕಡಿದಾದ ಭಾಗ ಮುಗಿದು ಇಳಿಜಾರು ತಗ್ಗಲು ಶುರುವಾಗುವ ಜಾಗಕ್ಕೆ ಕೆ ಬಿಂದು ಅನ್ನುತ್ತಾರೆ. ಹೋಲ್ಮೆನ್‌ಕೋಲೆನ್‌ನಲ್ಲಿ ಅದು ಅಂಚಿನಿಂದ 120 ಮೀಟರ್. ಅಲ್ಲಿಂದ ಮುಂದೆ ಇಳಿಯುವುದು ಇನ್ನೂ ಕ್ಷೇಮ ಎನ್ನುವ ಮಿತಿ ಎಚ್.ಎಸ್., ಇಲ್ಲಿ 134 ಮೀಟರ್. ಹಿಮದ ಮೇಲೆ ಈ ಗೆರೆಗಳನ್ನು ಬಣ್ಣದಲ್ಲಿ ಎಳೆದಿರುತ್ತಾರೆ.

ಅದನ್ನೂ ದಾಟಿ ಬಯಲಿಗೆ ಹೋಗಿ ಬಿದ್ದರೆ? ಅದೇ 28 ಮೀಟರ್ ವೇಗ, ಅದೇ 41 ಡಿಗ್ರಿ ದಿಕ್ಕು, ಆದರೆ ನೆಲ ಸಪಾಟು ಅಂದುಕೊಳ್ಳಿ. ಲಂಬ ಘಟಕ ಸೆಕೆಂಡಿಗೆ 18 ಮೀಟರ್. ಸಮನಾದ ಎತ್ತರ 16 ಮೀಟರ್. ಕುರ್ಚಿಯಿಂದ ಜಿಗಿದಂತಿದ್ದದ್ದು ಐದು ಮಹಡಿಯಿಂದ ಬಿದ್ದಂತಾಯಿತು. ಹಾರಿದ ಮನುಷ್ಯ ಅವನೇ, ವೇಗವೂ ಅದೇ. ಬದಲಾದದ್ದು ನೆಲದ ಕೋನ ಮಾತ್ರ.

ಹಾಗಾಗಿ ಈ ಆಟದಲ್ಲಿ "ಇನ್ನೂ ದೂರ" ಎನ್ನುವುದು ಯಾವಾಗಲೂ ಒಳ್ಳೆಯದಲ್ಲ. ಯಾರಾದರೂ ಎಚ್.ಎಸ್. ಗೆರೆಯ ಹತ್ತಿರ ಇಳಿಯತೊಡಗಿದರೆ ತೀರ್ಪುಗಾರರು ಗೇಟನ್ನು ಕೆಳಕ್ಕೆ ಇಳಿಸುತ್ತಾರೆ. ಜಾರುವ ಎತ್ತರ ಕಡಿಮೆಯಾದರೆ ವೇಗ ಕಡಿಮೆ, ಹಾರುವ ದೂರವೂ ಕಡಿಮೆ.

ಗಾಳಿಯನ್ನು ಅಳೆಯಲು ಇಳಿಜಾರಿನ ಉದ್ದಕ್ಕೂ ಯಂತ್ರಗಳಿವೆ. ಇಲ್ಲಿ ಮಕ್ಕಳಿಗೆ ಇನ್ನೊಂದು ಒಗಟು ಹಾಕಬಹುದು: ಹಿಂದಿನಿಂದ ಬೀಸುವ ಗಾಳಿ ಒಳ್ಳೆಯದೋ, ಎದುರಿನಿಂದ ಬೀಸುವುದೋ? ಹಿಂದಿನ ಗಾಳಿ ದೂಡುತ್ತದೆ ಅಂತ ಹೆಚ್ಚಿನವರು ಹೇಳುತ್ತಾರೆ. ಸೈಕಲ್ ಹೊಡೆಯುವವರಿಗೆ ಹೌದು. ಆದರೆ ರೆಕ್ಕೆಗೆ ಎದುರು ಗಾಳಿಯೇ ಬೇಕು, ಗಾಳಿಪಟದ ಹಾಗೆ. ಎದುರು ಗಾಳಿ ಸಿಕ್ಕವನು ಹೆಚ್ಚು ದೂರ ಹೋಗುತ್ತಾನೆ. ಇದು ಅದೃಷ್ಟದ ಆಟವಾಗಬಾರದೆಂದು ಸುಮಾರು 2010ರಿಂದ ಎದುರು ಗಾಳಿ ಸಿಕ್ಕವರಿಗೆ ಅಂಕ ಕಳೆದು, ಹಿಂದಿನ ಗಾಳಿ ಸಿಕ್ಕವರಿಗೆ ಅಂಕ ಕೂಡುವ ಪದ್ಧತಿ ಬಂದಿದೆ. ಹೋಲ್ಮೆನ್‌ಕೋಲೆನ್‌ನ ಹೊಸ ಗುಡ್ಡದಲ್ಲಿ ಇಕ್ಕೆಲಗಳಲ್ಲೂ ಗಾಳಿ ತಡೆಯುವ ಗೋಡೆಗಳನ್ನು ರಚನೆಯ ಭಾಗವಾಗಿಯೇ ಕಟ್ಟಿದ್ದಾರೆ.

ಅಂಕದ ಲೆಕ್ಕವೂ ಏಳನೇ ತರಗತಿಗೆ ಸಾಕು. ದೊಡ್ಡ ಗುಡ್ಡದಲ್ಲಿ ಕೆ ಬಿಂದುವಿಗೆ 60 ಅಂಕ. ಅದರಿಂದಾಚೆಗೆ ಮೀಟರಿಗೆ 1.8 ಕೂಡಬೇಕು, ಈಚೆಗೆ ಬಿದ್ದರೆ ಕಳೆಯಬೇಕು. 128 ಮೀಟರ್ ಹಾರಿದರೆ 60 + (8 × 1.8) = 74.4. ಇದಲ್ಲದೆ ಐವರು ತೀರ್ಪುಗಾರರು ಶೈಲಿಗೆ ತಲಾ 20ರೊಳಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು, ಮಂಡಿ ಬಾಗಿಸಿ, ಕೈ ಅಗಲಿಸಿ ಇಳಿಯುವುದಕ್ಕೆ ನಾರ್ವೆಯ ಒಂದು ಪ್ರದೇಶದ ಹೆಸರಿನಲ್ಲಿ ಟೆಲಿಮಾರ್ಕ್ ಅನ್ನುತ್ತಾರೆ. ಹಾಗೆ ಇಳಿಯದಿದ್ದರೆ ಅಂಕ ಹೋಯಿತು.

ಹಿಮ ಇಲ್ಲದಾಗ

35 ಡಿಗ್ರಿ ಇಳಿಜಾರಿನಲ್ಲಿ ಹಿಮ ತಾನಾಗಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಅದನ್ನು ಹಿಡಿಯಲು ಬಲೆ ಹಾಸುತ್ತಾರೆ. ಹಿಮ ಸಮ ಮಾಡುವ ಯಂತ್ರವನ್ನು ಮೇಲಿನಿಂದ ಉಕ್ಕಿನ ಹಗ್ಗ ಕಟ್ಟಿ ಇಳಿಸುತ್ತಾರೆ. ಸ್ಪರ್ಧೆಯ ದಿನ ಟಿ.ವಿ.ಯಲ್ಲಿ ಕಾಣದ ಎಷ್ಟೋ ಜನರ ದುಡಿಮೆ ಇದು.

1954ರಲ್ಲಿ ಆಗಿನ ಪೂರ್ವ ಜರ್ಮನಿಯ ತರಬೇತುದಾರ ಹಾನ್ಸ್ ರೆನ್ನರ್ ಇಳಿಜಾರಿಗೆ ಪ್ಲಾಸ್ಟಿಕ್ ಹಾಸು ಹೊದಿಸುವ ಉಪಾಯ ತಂದರು. ಮುಳಿಹುಲ್ಲಿನ ಮಾಡು ಹೊದಿಸಿದ ಹಾಗೆ, ಒಂದರ ಮೇಲೊಂದು ಬರುವಂತೆ ಪ್ಲಾಸ್ಟಿಕ್ ಎಳೆಗಳ ಸಾಲು. ಮೇಲೆ ನೀರು ಚಿಮುಕಿಸಿದರೆ ಸ್ಕೀ ಜಾರುತ್ತದೆ. ಆಮೇಲೆ ಬೇಸಿಗೆಯಲ್ಲೂ ಅಭ್ಯಾಸ ಸಾಧ್ಯವಾಯಿತು. ಈಗ ಚಳಿಗಾಲಗಳೇ ಬೆಚ್ಚಗಾಗುತ್ತಿರುವುದರಿಂದ ಈ ಹಾಸಿಗೆ ಬೆಲೆ ಇನ್ನೂ ಹೆಚ್ಚಿದೆ. 2022ರ ನವೆಂಬರ್‌ನಲ್ಲಿ ಪೋಲೆಂಡಿನ ವಿಸ್ವಾ ಎಂಬಲ್ಲಿ ವಿಶ್ವಕಪ್ ಋತು ಶುರುವಾದದ್ದೇ ಹೀಗೆ: ಜಾರುದಾರಿಯಲ್ಲಿ ಮಂಜುಗಡ್ಡೆ, ಇಳಿಯುವಲ್ಲಿ ಪ್ಲಾಸ್ಟಿಕ್. ಹವಾಮಾನ ಬದಲಾವಣೆಯ ಪಾಠಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಶೈಲಿ ಬದಲಾಯಿತು, ಗುಡ್ಡವೂ ಬದಲಾಯಿತು

ಮೊದಲು ಎಲ್ಲರೂ ಸ್ಕೀಗಳನ್ನು ಜೋಡಿಸಿ ಸಮಾಂತರ ಇಟ್ಟು ಹಾರುತ್ತಿದ್ದರು. 1980ರ ದಶಕದಲ್ಲಿ ಸ್ವೀಡನ್ನಿನ ಯಾನ್ ಬೊಕ್ಲೋವ್ 'ವಿ' ಆಕಾರದಲ್ಲಿ ಹಾರತೊಡಗಿದಾಗ ತೀರ್ಪುಗಾರರಿಗೆ ಅದು ಅಂದವಾಗಿ ಕಾಣಲಿಲ್ಲ, ಶೈಲಿಯ ಅಂಕ ಕಡಿಮೆ ಕೊಟ್ಟರು. ಆದರೂ ದೂರದ ಬಲದಿಂದಲೇ ಅವರು 1988–89ರ ವಿಶ್ವಕಪ್ ಗೆದ್ದರು. ಸ್ಕೀಗಳು ದೇಹದ ಅಡಿಯಿಂದ ಹೊರಬಂದದ್ದರಿಂದ ಗಾಳಿ ಒತ್ತುವ ಮೈ ಹೆಚ್ಚಾಯಿತು ಎನ್ನುವುದು ಇದರ ಗುಟ್ಟು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದನ್ನೇ ಹಿಡಿದರು. 'ವಿ' ಶೈಲಿಯ ಪಥ ಚಪ್ಪಟೆ. ಹಾಗಾಗಿ ಹಳೆಯ ಪಥಕ್ಕೆ ಹೊಂದಿಸಿ ಕಟ್ಟಿದ್ದ ಗುಡ್ಡಗಳ ಬಾಗನ್ನೂ ತಿದ್ದಬೇಕಾಯಿತು.

ದಾಖಲೆಗಳೂ ಹೀಗೆಯೇ ಬೆಳೆದವು. 1936ರಲ್ಲಿ ಈಗಿನ ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ಆಸ್ಟ್ರಿಯಾದ ಸೆಪ್ ಬ್ರಾಡ್ಲ್ ಮೊದಲ ಬಾರಿಗೆ 100 ಮೀಟರ್ ದಾಟಿದರು. 1994ರಲ್ಲಿ ಅಲ್ಲೇ ಫಿನ್ಲೆಂಡಿನ ಟೋನಿ ನೀಮಿನೆನ್ 203 ಮೀಟರ್ ಹಾರಿ ಇಳಿದರು. 2025ರ ಮಾರ್ಚ್ 30ರಂದು ಸ್ಲೊವೇನಿಯಾದ ಡೊಮೆನ್ ಪ್ರೆವ್ಟ್ಸ್ ಅಲ್ಲಿಯೇ 254.5 ಮೀಟರ್ ಮುಟ್ಟಿದರು.

ಹಗುರವಾದ ದೇಹ ಹೆಚ್ಚು ದೂರ ಹೋಗುತ್ತದೆ ಎಂಬುದರಲ್ಲಿ ಒಂದು ಅಪಾಯವೂ ಇತ್ತು. ಕ್ರೀಡಾಪಟುಗಳು ಊಟ ಬಿಟ್ಟು ಸೊರಗತೊಡಗಿದರು. ಅದನ್ನು ತಡೆಯಲು 2004ರ ಹೊತ್ತಿಗೆ ಒಂದು ನಿಯಮ ಬಂತು: ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಗಿಡ್ಡ ಸ್ಕೀ ಬಳಸಬೇಕು. ತೂಕ ಇಳಿಸಿ ಪಡೆದ ಲಾಭ ರೆಕ್ಕೆ ಸಣ್ಣದಾಗಿ ಕೈಬಿಡುತ್ತದೆ. ಭೌತಶಾಸ್ತ್ರದಿಂದ ಹುಟ್ಟಿದ ತೊಂದರೆಗೆ ಭೌತಶಾಸ್ತ್ರದ್ದೇ ಮದ್ದು.

ಸೂತ್ರದಲ್ಲಿ ಗಂಡು ಹೆಣ್ಣು ಇಲ್ಲ

ಇಷ್ಟೆಲ್ಲ ಹೇಳಲು ನನಗೆ ಇನ್ನೂ ಒಂದು ಕಾರಣ ಇದೆ. ಗಂಡಸರ ಸ್ಕೀ ಜಿಗಿತ ಒಲಿಂಪಿಕ್ಸ್‌ನಲ್ಲಿ 1924ರಿಂದ, ಅಂದರೆ ಮೊದಲ ಚಳಿಗಾಲದ ಕೂಟದಿಂದಲೇ ಇದೆ. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2014ರಲ್ಲಿ, ತೊಂಬತ್ತು ವರ್ಷಗಳ ನಂತರ. ಇಳಿಯುವಾಗಿನ ಪೆಟ್ಟು ಹೆಣ್ಣಿನ ದೇಹಕ್ಕೆ ಆಗದು, ವೈದ್ಯಕೀಯವಾಗಿ ಸರಿಯಲ್ಲ ಎಂಬ ಮಾತು ಕ್ರೀಡಾ ಆಡಳಿತದ ಮೇಲ್ಮಟ್ಟದಲ್ಲೇ ಈ ಶತಮಾನದಲ್ಲೂ ಕೇಳಿಬಂತು.

ನಾವು ಈಗಷ್ಟೇ ಮಾಡಿದ ಲೆಕ್ಕ ನೋಡಿ. ಸಮನಾದ ಎತ್ತರ = ಲಂಬ ವೇಗದ ವರ್ಗ ÷ 20. ಇದರಲ್ಲಿ ವೇಗ ಇದೆ, ಕೋನ ಇದೆ, ಗುರುತ್ವ ಇದೆ. ದ್ರವ್ಯರಾಶಿ ಇಲ್ಲ. ಗಂಡೋ ಹೆಣ್ಣೋ ಎಂಬುದು ಮೊದಲೇ ಇಲ್ಲ. ಕುರ್ಚಿಯಿಂದ ಜಿಗಿಯಲು ನಮ್ಮ ಶಾಲೆಯ ಯಾವ ಹುಡುಗಿಗೆ ಆಗುವುದಿಲ್ಲ ಹೇಳಿ?

ಅಮೆರಿಕದ ಲಿಂಡ್ಸಿ ವ್ಯಾನ್ 2009ರಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್ ಆದರು. 2010ರ ಒಲಿಂಪಿಕ್ಸ್‌ಗೆಂದು ಕೆನಡಾದಲ್ಲಿ ಕಟ್ಟಿದ ಸಾಮಾನ್ಯ ಗುಡ್ಡದಲ್ಲಿ ಆ ಕೂಟಕ್ಕೆ ಮುಂಚೆ ಗಂಡು ಹೆಣ್ಣು ಎಲ್ಲರಿಗಿಂತ ದೂರದ ಜಿಗಿತದ ದಾಖಲೆಯೂ ಅವರದೇ ಆಗಿತ್ತು. ಆದರೆ ಆ ಒಲಿಂಪಿಕ್ಸ್‌ನಲ್ಲಿ ಅವರಿಗೆ ಸ್ಪರ್ಧೆಯೇ ಇರಲಿಲ್ಲ. ಆಟಗಾರ್ತಿಯರು ಕೆನಡಾದ ನ್ಯಾಯಾಲಯಕ್ಕೆ ಹೋದರು. ಇದು ತಾರತಮ್ಯವೇ ಹೌದು, ಆದರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆದೇಶ ಕೊಡಲು ನಮ್ಮ ಕಾನೂನಿನಲ್ಲಿ ದಾರಿಯಿಲ್ಲ ಎಂದು 2009ರಲ್ಲಿ ತೀರ್ಪು ಬಂತು.

ಅದರ ಮುಂದಿನ ವರ್ಷ, 2010ರ ಮಾರ್ಚ್ 3ರಂದು, ಹೋಲ್ಮೆನ್‌ಕೋಲೆನ್‌ನ ಹೊಸ ಗುಡ್ಡದ ಅಧಿಕೃತ ಮೊದಲ ಜಿಗಿತಕ್ಕೆ ಆಯ್ಕೆಯಾದವರು ನಾರ್ವೆಯ ಆನೆಟ್ ಸಾಗೆನ್, ಒಬ್ಬ ಮಹಿಳೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನ ಗೆದ್ದರು. 2026ರ ಕೂಟದ ಪಟ್ಟಿಗೆ ಮಹಿಳೆಯರ ದೊಡ್ಡ ಗುಡ್ಡದ ಸ್ಪರ್ಧೆಯೂ ಸೇರಿತು. 2025ರಲ್ಲಿ ನಾರ್ವೆಯ ವಿಕರ್‌ಸುಂಡ್‌ನಲ್ಲಿ ನಿಕಾ ಪ್ರೆವ್ಟ್ಸ್ 236 ಮೀಟರ್ ಹಾರಿದರು. ಮೇಲೆ ಹೇಳಿದ ಡೊಮೆನ್ ಇವರ ಅಣ್ಣ. ಹೋರಾಟ ಪೂರ್ತಿ ಮುಗಿದಿಲ್ಲ. ಜಿಗಿತ ಮತ್ತು ಸ್ಕೀ ಓಟ ಸೇರಿದ ನಾರ್ಡಿಕ್ ಕಂಬೈನ್ಡ್ ಎಂಬ ಸ್ಪರ್ಧೆ 2026ರಲ್ಲೂ ಗಂಡಸರಿಗೆ ಮಾತ್ರ.

"ಇದು ಹುಡುಗಿಯರಿಗೆ ಅಲ್ಲ" ಎಂಬ ಮಾತನ್ನು ನಮ್ಮ ಮಕ್ಕಳೂ ಬೇರೆಬೇರೆ ವಿಷಯಗಳಲ್ಲಿ ಕೇಳುತ್ತಲೇ ಇರುತ್ತಾರೆ. ಹಾಗೆ ಹೇಳಿದವರನ್ನು "ಲೆಕ್ಕ ತೋರಿಸಿ" ಎಂದು ಕೇಳುವ ಅಭ್ಯಾಸ ಬಂದರೆ ವಿಜ್ಞಾನ ಕಲಿಸಿದ್ದು ಸಾರ್ಥಕ.

ತರಗತಿಯಲ್ಲಿ ಮಾಡಿ ನೋಡಿ

ಬೇಕಾದದ್ದು: ಒಂದು ಗೋಲಿ, ಉದ್ದಕ್ಕೆ ಸೀಳಿದ ಪಿ.ವಿ.ಸಿ. ಪೈಪು (ಅಡಿಕೆ ತೋಟದ ಊರಾದರೆ ದಂಬೆಯ ತುಂಡು ಆಗುತ್ತದೆ), ಒಂದು ಹಲಗೆ, ಹದವಾಗಿ ನಾದಿದ ಜೇಡಿಮಣ್ಣು.

ಪೈಪಿನ ಒಂದು ತುದಿಯನ್ನು ಮೇಜಿನ ಮೇಲೆ ಪುಸ್ತಕಗಳಿಂದ 30 ಸೆಂ.ಮೀ. ಎತ್ತರಿಸಿ. ಇನ್ನೊಂದು ತುದಿ ಮೇಜಿನ ಅಂಚಿನಲ್ಲಿ ಸಪಾಟಾಗಿರಲಿ. ಹಲಗೆಯ ಮೇಲೆ ಬೆರಳು ದಪ್ಪಕ್ಕೆ ಮಣ್ಣು ಮೆತ್ತಿ ನೆಲದಲ್ಲಿಡಿ. ಗೋಲಿ ಬಿಡಿ. ಮಣ್ಣಿನಲ್ಲಿ ಆದ ಗುಳಿಯ ಆಳವನ್ನು ಕಡ್ಡಿಯಿಂದ ಅಳೆಯಿರಿ. ಈಗ ಮಣ್ಣು ಸಮ ಮಾಡಿ, ಹಲಗೆಯನ್ನು ಗೋಲಿ ಹೋಗುವ ದಿಕ್ಕಿಗೆ ಇಳಿಜಾರಾಗುವಂತೆ 45 ಡಿಗ್ರಿಗೆ ವಾಲಿಸಿ. ಗೋಲಿ ಬೀಳುವ ಎತ್ತರ ಮೊದಲಿನಷ್ಟೇ ಇರುವಂತೆ, ಅದು ಹಲಗೆಯ ಕೆಳತುದಿಯ ಹತ್ತಿರ ತಾಗುವ ಹಾಗೆ ಇಡಿ. ಮತ್ತೆ ಬಿಡಿ. ಗುಳಿ ಎದ್ದು ಕಾಣುವಷ್ಟು ಚಿಕ್ಕದಾಗಿ, ಉದ್ದಕ್ಕೆ ಗೀರಿದಂತೆ ಇರುತ್ತದೆ. ಕೋನ 30, 45, 60 ಡಿಗ್ರಿಗೆ ಬದಲಿಸಿ ಪಟ್ಟಿ ಮಾಡಿಸಿ. ಯಾವ ಕೋನದಲ್ಲಿ ಗುಳಿ ಅತಿ ಚಿಕ್ಕದು? ಗೋಲಿಯ ಪಥಕ್ಕೆ ಹಲಗೆ ಸಮಾಂತರವಾದಷ್ಟೂ ಪೆಟ್ಟು ಕಡಿಮೆ ಎಂಬುದನ್ನು ಅವರೇ ಹೇಳಲಿ.

ಗೋಲಿ ಜಾರುವುದಿಲ್ಲ, ಉರುಳುತ್ತದೆ. ಸ್ವಲ್ಪ ಶಕ್ತಿ ಉರುಳುವುದಕ್ಕೇ ಹೋಗುವುದರಿಂದ ಸೂತ್ರದ ವೇಗಕ್ಕಿಂತ ನಿಜ ವೇಗ ಕಡಿಮೆ ಬರುತ್ತದೆ. ಚುರುಕಾದ ಮಕ್ಕಳಿದ್ದರೆ ಇದನ್ನೇ ಮುಂದಿನ ಪ್ರಶ್ನೆ ಮಾಡಿ.

ಇದೇ ತತ್ವ ನಮ್ಮ ಹತ್ತಿರದ ಸಂಗತಿಗಳಲ್ಲೂ ಇದೆ. ಮೇಲಿಂದ ಎಸೆದ ಕಾಯನ್ನು ಹಿಡಿಯುವವನು ಕೈಯನ್ನು ಅದರ ಜೊತೆಯಲ್ಲೇ ಹಿಂದಕ್ಕೆ ತರುತ್ತಾನೆ. ಆಟದ ಮೈದಾನದ ಜಾರುಬಂಡಿಯ ಕೊನೆ ಬಾಗಿ ಸಪಾಟಾಗುತ್ತದೆ. ಒಂದರಲ್ಲಿ ನಿಲ್ಲುವುದಕ್ಕೆ ಹೆಚ್ಚು ಕಾಲ ಸಿಗುತ್ತದೆ, ಇನ್ನೊಂದರಲ್ಲಿ ದಿಕ್ಕು ನಿಧಾನವಾಗಿ ತಿರುಗುತ್ತದೆ. ಎರಡರಲ್ಲೂ ಪೆಟ್ಟು ಕಡಿಮೆ. ಮಕ್ಕಳು ಇಂಥ ಇನ್ನೂ ನಾಲ್ಕು ಉದಾಹರಣೆ ಹುಡುಕಿ ತಂದರೆ ಈ ಪಾಠ ಮುಗಿದಂತೆ.